ಖಾಲಿ ಬಿಟ್ಟ ಪಿನ್ ಏನು ಮಾಡುತ್ತದೆ? ಎ4988 ಬೋರ್ಡ್ ಜೊತೆ ನನ್ನ ಅನುಭವ

ಬದಿಯಡ್ಕದ ಹತ್ತಿರ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ಅಡಿಕೆ ತೋಟದ ಪಂಪುಗಳು ಸುಟ್ಟು ಒಂದರ ಹಿಂದೆ ಒಂದು ಬರುತ್ತವೆ. ಕಾಯಿಲ್ ಸುತ್ತುವಾಗ ತಂತಿಯನ್ನು ಅತ್ತಿತ್ತ ಸರಿಸಲು ಒಂದು ಸ್ಟೆಪ್ಪರ್ ಮೋಟಾರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್) ಕೂರಿಸಿದ್ದೇನೆ. ಅದನ್ನು ನಡೆಸುವುದು ಎ4988 ಚಿಪ್ ಇರುವ ಪುಟ್ಟ ಬೋರ್ಡ್. ಪಿನ್ 16. ಪ್ರತಿ ಪಿನ್‌ಗೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಖಾಲಿ ಬಿಟ್ಟರೆ ಏನಾಗುತ್ತದೆ?

ಪಾಲಿಟೆಕ್ನಿಕ್ ಹುಡುಗರು ಆಗಾಗ ಬಂದು ಕೇಳುತ್ತಾರೆ: "ಅಣ್ಣಾ, ವಯರ್ ಎಲ್ಲಾ ಸರಿ ಇದೆ. ಮೋಟಾರ್ ಒಮ್ಮೆ ತಿರುಗುತ್ತದೆ, ಒಮ್ಮೆ ಇಲ್ಲ." ನಾನು ಮೊದಲು ನೋಡುವುದು ರೀಸೆಟ್ ಪಿನ್, ಅದು ಲೋ (ಸೊನ್ನೆ ವೋಲ್ಟ್) ಆದರೆ ಮೋಟಾರ್ ತಿರುಗುವುದಿಲ್ಲ. ಅದು ಒಳಗೆ ಯಾವುದಕ್ಕೂ ಕಟ್ಟಿಲ್ಲ. ಖಾಲಿ ಬಿಟ್ಟರೆ ಹೈ (ವೋಲ್ಟೇಜ್ ಇದೆ) ಅಥವಾ ಲೋ ಎಂಬುದು ಗಟ್ಟಿ ಇರುವುದಿಲ್ಲ, ಕೈ ಹತ್ತಿರ ತಂದರೂ ಬದಲಾಗಬಹುದು. ಪಕ್ಕದ ಸ್ಲೀಪ್ ಪಿನ್‌ಗೆ ಬೋರ್ಡಿನಲ್ಲೇ ಪುಲ್‌ಅಪ್, ಅಂದರೆ ಹೈಗೆ ಎಳೆದಿಡುವ ರೆಸಿಸ್ಟರ್, ಇದೆ. ಎರಡನ್ನೂ ಒಂದು ತುಂಡು ತಂತಿಯಿಂದ ಸೇರಿಸಿದರೆ ಸಾಕು. ಎನೇಬಲ್ ಖಾಲಿ ಇದ್ದರೆ ಚಿಪ್ ಆನ್ ಇರುತ್ತದೆ, ಹೈ ಕೊಟ್ಟರೆ ಆಫ್. ಎಂಎಸ್1, 2, 3 ಹೆಜ್ಜೆಯ ಗಾತ್ರ ಹೇಳುವ ಪಿನ್‌ಗಳು, ಖಾಲಿ ಇದ್ದರೆ ಫುಲ್ ಸ್ಟೆಪ್. ಮೂರೂ ಹೈ ಆದರೆ 1/16 ಸ್ಟೆಪ್. ಆಗ 200 ಸ್ಟೆಪ್ಪಿನ ಮೋಟಾರ್ ಒಂದು ಸುತ್ತಿಗೆ 3200 ಪಲ್ಸ್ ಕೇಳುತ್ತದೆ. ನನಗೆ ಅದೇ ಬೇಕಿತ್ತು, ತಂತಿ ನಡುಗದೆ ಸರಿಯುತ್ತದೆ. ಸ್ಟೆಪ್ (ಪಲ್ಸ್ ಪಡೆಯುವ ಪಿನ್), ಡೈರ್ (ದಿಕ್ಕಿನ ಪಿನ್) ಎರಡನ್ನೂ ಖಾಲಿ ಬಿಡುವ ಹಾಗೇ ಇಲ್ಲ, ಕಂಟ್ರೋಲರ್‌ಗೆ ಕೊಡಲೇಬೇಕು.

ಕರೆಂಟ್ ಎರಡು ಕಡೆಯಿಂದ ಬೇಕು. ವಿಡಿಡಿ ಚಿಪ್ಪಿನ ತಲೆಗೆ, 3ರಿಂದ 5.5 ವೋಲ್ಟ್. ವಿಮೋಟ್ ಮೋಟಾರಿಗೆ, 8ರಿಂದ 35 ವೋಲ್ಟ್. ವಿಮೋಟ್ ಮತ್ತು ಅದರ ಪಕ್ಕದ ಗ್ರೌಂಡ್ ನಡುವೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೋರ್ಡಿಗೆ ಅಂಟಿದ ಹಾಗೇ ಇರಲಿ. ಇಲ್ಲದಿದ್ದರೆ 12 ವೋಲ್ಟ್ ಸಪ್ಲೈ ಸಿಕ್ಕಿಸುವ ಕ್ಷಣಕ್ಕೆ ವೋಲ್ಟೇಜ್ 35 ದಾಟಿ ಜಿಗಿಯಬಹುದು, ಚಿಪ್ ಹೋಗುತ್ತದೆ.

ಇನ್ನು 1ಎ, 1ಬಿ ಒಂದು ಕಾಯಿಲ್, 2ಎ, 2ಬಿ ಇನ್ನೊಂದು. ವಯರಿನ ಬಣ್ಣ ನಂಬಬೇಡಿ. ನಾಲ್ಕು ವಯರಿನ ಮೋಟಾರಿನಲ್ಲಿ ಎರಡು ತುದಿ ಸೇರಿಸಿ ಶಾಫ್ಟ್ ತಿರುಗಿಸಿ. ಬಿಗಿಯಾದರೆ ಅವೆರಡೂ ಒಂದೇ ಕಾಯಿಲ್, ಮೀಟರೇ ಬೇಡ. ಮೋಟಾರ್ ಉಲ್ಟಾ ತಿರುಗಿದರೆ ಒಂದು ಕಾಯಿಲ್‌ನ ತುದಿಗಳನ್ನು ಅದಲುಬದಲು ಮಾಡಿ, ಆದರೆ ಸಪ್ಲೈ ಆಫ್ ಮಾಡಿಯೇ. ಓಡುವ ಕಾಯಿಲ್ ಬಿಚ್ಚಿದರೆ ಅದು ಎಂಥ ಏಟು ಕೊಡುತ್ತದೆ ಅಂತ ವೈಂಡಿಂಗ್ ಕೆಲಸದವರಿಗೆ ಹೇಳಬೇಕಿಲ್ಲ ಅಲ್ವಾ?

ಕೊನೆಗೆ ಬೋರ್ಡಿನ ಮೇಲಿನ ಪುಟ್ಟ ಪಾಟ್, ಅಂದರೆ ಕಾಯಿಲ್ ಕರೆಂಟಿನ ಮಿತಿ ಹೊಂದಿಸುವ ತಿರುಪು. ಅದರ ಮೇಲಿನ ವೋಲ್ಟೇಜ್ ಅಂದರೆ ಕಾಯಿಲ್ ಕರೆಂಟ್ × 8 × ಸೆನ್ಸ್ ರೆಸಿಸ್ಟರ್ (ಕರೆಂಟ್ ಅಳೆಯುವ ರೆಸಿಸ್ಟರ್, ಓಮ್‌ನಲ್ಲಿ). ರೆಸಿಸ್ಟರ್ ಮೇಲೆ ಆರ್100 (0.1 ಓಮ್) ಅಂತಿದ್ದರೆ 1 ಆಂಪಿಯರ್‌ಗೆ 0.8 ವೋಲ್ಟ್, ಆರ್050 (0.05 ಓಮ್) ಇದ್ದರೆ 0.4 ವೋಲ್ಟ್. ತಯಾರಕರು ಬದಲಾದರೆ ಇದೂ ಬದಲಾಗುತ್ತದೆ. ಹೊಸ ಬೋರ್ಡ್ ಬಂದಾಗ ನಾನು ಮೊದಲು ಈ ಅಕ್ಷರ ಓದುತ್ತೇನೆ, ಸ್ಕ್ರೂಡ್ರೈವರ್ ಆಮೇಲೆ. ಹೀಟ್‌ಸಿಂಕ್ ಇಲ್ಲದೆ 1 ಆಂಪಿಯರ್ ದಾಟಿಸುವುದಿಲ್ಲ.