ಹಸಿ ತೊಲೆಗೇ ಔಷಧಿ ಕುಡಿಸಿದೆ

ಮನೆಯ ಕೊಳೆತ ತೊಲೆಗಳನ್ನು ರಿಪೇರಿ ಮಾಡಿ ಮೂರು ಮಳೆಗಾಲ ಕಳೆಯಿತು, ಒಂದೂ ಅಲ್ಲಾಡಿಲ್ಲ. ಅದಕ್ಕೇ ಈಗ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ಮೊದಲ ವರ್ಷವೇ ಬರೆದಿದ್ದರೆ ಊರವರು ನಗುವುದಕ್ಕೆ ಇನ್ನೊಂದು ಕಾರಣ ಸಿಗುತ್ತಿತ್ತು.

ನಮ್ಮದು ತೀರ್ಥಹಳ್ಳಿ ಕಡೆಯ ಹಂಚಿನ ಮನೆ. ಅಜ್ಜ ಕಟ್ಟಿಸಿದ್ದು, ತೊಂಬತ್ತು ವರ್ಷದ ಹತ್ತಿರ ಬಂತು. ಕೆಂಪು ಕಲ್ಲಿನ ಗೋಡೆ, ಹಲಸು ಮತ್ತು ಮತ್ತಿಯ ತೊಲೆಗಳು. ಜಗಲಿಯ ಮೇಲಿನ ಮೂರು ತೊಲೆಗಳು ಗೋಡೆಯೊಳಗೆ ಕೂತ ತುದಿಯಲ್ಲೇ ಕುಂಬಾಗಿದ್ದವು, ಅಂದರೆ ಕೊಳೆತು ಟೊಳ್ಳಾಗಿದ್ದವು. ನೋಡಲು ಬಂದ ಕಂಟ್ರಾಕ್ಟರ್ ಕೆಳಗಿನಿಂದಲೇ ತಲೆ ಎತ್ತಿ ನೋಡಿ, 'ಎಲ್ಲ ಬಿಚ್ಚಿ ಸ್ಲ್ಯಾಬ್ ಹಾಕಿ' ಅಂದ. ಎಸ್ಟಿಮೇಟ್ ಹನ್ನೊಂದು ಲಕ್ಷ. ಏಣಿ ಹತ್ತುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ ಮಹಾರಾಯ.

ನಾನು ಹತ್ತಿದೆ. ಮೇಲಿನ ಬಣ್ಣ ಚೆನ್ನಾಗೇ ಇತ್ತು. ಗೋಣಿ ಹೊಲಿಯುವ ದಬ್ಬಳ ಚುಚ್ಚಿದರೆ ಮೂರು ಇಂಚು ಸಲೀಸಾಗಿ ಒಳಗೆ ಹೋಯಿತು. ಬಣ್ಣದ ಸಿಪ್ಪೆ ಎಬ್ಬಿಸಿ ನೋಡಿದೆ. ಮರ ಉದ್ದಕ್ಕೂ ಅಡ್ಡಕ್ಕೂ ಬಿರಿದು, ಬೆಲ್ಲದ ಅಚ್ಚು ಒಡೆದ ಹಾಗೆ ಸಣ್ಣ ಸಣ್ಣ ಚೌಕ ಆಗಿತ್ತು. ಒಂದು ಚೌಕ ಕಿತ್ತು ಬೆರಳಲ್ಲಿ ಉಜ್ಜಿದರೆ ನಸ್ಯದ ಹಾಗೆ ಕಂದು ಪುಡಿ. ಗೆದ್ದಲಾಗಿದ್ದರೆ ಮಣ್ಣಿನ ದಾರಿ ಕಾಣಬೇಕಿತ್ತು, ಕುಟ್ಟೆ ಹುಳವಾಗಿದ್ದರೆ ಸೂಜಿ ತೂತು ಮತ್ತು ಕೆಳಗೆ ಹಿಟ್ಟು. ಎರಡೂ ಇರಲಿಲ್ಲ. ಅಂದರೆ ಇದು ಹಸಿ ಮರದಲ್ಲಿ ಬೆಳೆಯುವ ಶಿಲೀಂಧ್ರದ ಕೊಳೆ. ಹಿತ್ತಿಲ ಬಾಗಿಲ ಚೌಕಟ್ಟಿನ ಬುಡದಲ್ಲಿ ಮಾತ್ರ ಬೇರೆ ಜಾತಿ. ಅಲ್ಲಿ ಮರ ಬಿಳಿಚಿ, ನೆನೆಸಿದ ತೆಂಗಿನ ನಾರಿನ ಹಾಗೆ ಎಳೆ ಎಳೆಯಾಗಿ ಬರುತ್ತಿತ್ತು. ಅದರ ಕತೆ ಕೊನೆಗೆ.

ಮೊದಲು ಮಾಡಿದ ಪೆದ್ದು ಕೆಲಸಗಳನ್ನು ಹೇಳಿಬಿಡುತ್ತೇನೆ. ಒಂದನೇ ವರ್ಷ ಗ್ಯಾರೇಜಿನಿಂದ ಸುಟ್ಟ ಆಯಿಲ್ ತಂದು ಬಳಿದೆ. ಎಲ್ಲರೂ ಅದನ್ನೇ ಹೇಳುತ್ತಾರಲ್ವಾ. ತಿಂಗಳುಗಟ್ಟಲೆ ಮನೆಯೆಲ್ಲ ಲಾರಿ ಶೆಡ್ಡಿನ ವಾಸನೆ. ಒಳಗಿನ ನೀರು ಒಳಗೇ ಉಳಿಯಿತು, ಕೊಳೆಯುವುದು ಮುಂದುವರಿಯಿತು. ಎರಡನೇ ವರ್ಷ ಎಪಾಕ್ಸಿ ಅನ್ನುವ ಗಟ್ಟಿಯಾಗುವ ಅಂಟು. ಪುಡಿ ಕೆರೆದು, ಗಟ್ಟಿ ಮಾಡುವ ದ್ರವ ಕುಡಿಸಿ, ಪುಟ್ಟಿ ತುಂಬಿ, ಪೇಂಟ್ ಹೊಡೆದೆ. ಮದುಮಗನ ಹಾಗೆ ಹೊಳೆಯುತ್ತಿತ್ತು. ಮುಂದಿನ ಆಗಸ್ಟಿನಲ್ಲಿ ಒಂದು ರಾತ್ರಿ ದೊಪ್ಪೆಂದು ಸದ್ದು. ಪುಟ್ಟಿ ಇಡೀ ಒಂದು ಮುದ್ದೆಯಾಗಿ ಜಗಲಿಗೆ ಬಿದ್ದಿತ್ತು. ಮುದ್ದೆಗೆ ಏನೂ ಆಗಿರಲಿಲ್ಲ, ಸುತ್ತಲಿನ ಮರ ಮಾತ್ರ ಹೊಸದಾಗಿ ಲಡ್ಡಾಗಿತ್ತು. ಇವೆರಡರಲ್ಲಿ ಇಪ್ಪತ್ತಮೂರು ಸಾವಿರ ಮಣ್ಣುಪಾಲು.

ಆಮೇಲೆ ಬುದ್ಧಿ ಬಂತು. ಎಂಬತ್ತು ವರ್ಷ ಕೊಳೆಯದ ತೊಲೆ ಹತ್ತೇ ವರ್ಷದಲ್ಲಿ ಯಾಕೆ ಕೊಳೆಯಿತು? ಲೆಕ್ಕ ಹಾಕಿದರೆ ಎಲ್ಲವೂ ನಾವೇ ಮಾಡಿದ್ದು. ಗ್ಯಾಸ್ ಬಂದ ಮೇಲೆ ಸೌದೆ ಒಲೆ ನಿಂತಿತು. ಮಳೆಗಾಲವಿಡೀ ಅಟ್ಟವನ್ನು ಒಣಗಿಸುತ್ತಿದ್ದ ಬಿಸಿ ಹೊಗೆ ಹೋಯಿತು. ಧೂಳು ಬೀಳುತ್ತದೆ ಅಂತ ಸೀಲಿಂಗ್ ಹೊಡೆಸಿ ಗಾಳಿಯನ್ನೂ ಮುಚ್ಚಿದೆವು. ಇದೆಲ್ಲಕ್ಕಿಂತ ದೊಡ್ಡ ತಪ್ಪು ಸಿಮೆಂಟು. ಅಜ್ಜನ ಕಾಲದಲ್ಲಿ ತೊಲೆ ತುದಿಯ ಸುತ್ತ ಸಂದು ಬಿಟ್ಟು ಸುಣ್ಣದ ಗಾರೆ ಹಚ್ಚಿದ್ದರು. ಇಲಿ ಬರುತ್ತದೆ ಅಂತ ನಾನೇ ನಿಂತು ಅದಕ್ಕೆ ಸಿಮೆಂಟ್ ತುಂಬಿಸಿದ್ದೆ. ನೆನೆದ ಕೆಂಪು ಕಲ್ಲಿನ ನೀರನ್ನೆಲ್ಲ ತೊಲೆ ಕುಡಿಯಿತು, ಹೊರಗೆ ಬಿಡಲು ದಾರಿಯೇ ಇರಲಿಲ್ಲ. ಮರದ ತೇವ ಅಳೆಯುವ, ಸಾವಿರದ ಇನ್ನೂರು ರೂಪಾಯಿಯ ಮುಳ್ಳಿನ ಮೀಟರ್ ತರಿಸಿ ಚುಚ್ಚಿದೆ. ತೊಲೆಯ ನಡುವೆ ಶೇಕಡಾ 17, ಗೋಡೆಯ ಹತ್ತಿರ 28ರ ಮೇಲೆ. 20ರ ಕೆಳಗೆ ಇಳಿಸಿದರೆ ಕೊಳೆಯುವುದು ನಿಲ್ಲುತ್ತದೆ.

ಹಾಗಾಗಿ ಮರ ಮುಟ್ಟುವ ಮೊದಲು ಸಿಮೆಂಟ್ ಕುಟ್ಟಿ ತೆಗೆಸಿದೆ. ಎರಡು ಮಾಡು ಕೂಡುವಲ್ಲಿ ತೂತಾಗಿದ್ದ ಮಳೆನೀರಿನ ದೋಣಿ ಬದಲಿಸಿ ಜಿಂಕ್ ಶೀಟ್ ಹಾಕಿಸಿದೆ. ಸೂರನ್ನು ಮುಕ್ಕಾಲು ಅಡಿ ಮುಂದಕ್ಕೆ ತಂದೆ. ಸೀಲಿಂಗಿನ ಎರಡು ತುದಿಯ ಹಲಗೆ ಕಿತ್ತು ಜಾಲರಿ ಹೊಡೆದೆ.

ಇನ್ನು ಔಷಧಿ. ಇಲ್ಲಿಯೇ ಎಲ್ಲರೂ ನಕ್ಕಿದ್ದು. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ತಂದಿದ್ದೆ. ತೋಟಕ್ಕೆ ಬೋರಾಕ್ಸ್ ಹಾಕುತ್ತೇವಲ್ಲ, ಅದೇ. ಮರ ಪೂರ್ತಿ ಒಣಗಿದ ಮೇಲೆ, ಮಾರ್ಚಿನಲ್ಲಿ ಹೊಡಿ ಅಂತ ಆಚಾರಿಯ ಹಟ. ನಾನು ಅಕ್ಟೋಬರಿನಲ್ಲೇ, ಸೋರುವುದು ನಿಂತು ಮರ ಇನ್ನೂ 24–25 ತೋರಿಸುವಾಗ ಶುರು ಮಾಡಿದೆ. ಬೋರಾಕ್ಸ್ ಒಳಗೆ ಹೋಗುವುದೇ ಮರದಲ್ಲಿರುವ ನೀರಿನ ಮೂಲಕ. ಒಣ ಮರದಲ್ಲಿ ಹೊರಗಿನ ಕಾಲಿಂಚಿನಲ್ಲೇ ನಿಂತುಬಿಡುತ್ತದೆ. 'ಹಸಿ ಮರಕ್ಕೆ ಔಷಧಿ ಹೊಡೆಯುವ ಭೂಪ ನೀವೊಬ್ಬರೇ' ಅಂದ ಆಚಾರಿ.

ಮೊದಲ ಸಲ ತಣ್ಣೀರಿನಲ್ಲಿ ಕಲಸಿ ಕೆಟ್ಟೆ. ಅರ್ಧ ತಳದಲ್ಲೇ ಉಳಿಯಿತು. ಆಮೇಲೆ ಬಚ್ಚಲ ಹಂಡೆಯ ಬಿಸಿ ನೀರು ತೆಗೆದುಕೊಂಡು, ಹತ್ತು ಲೀಟರಿಗೆ 900 ಗ್ರಾಂ ಬೋರಾಕ್ಸ್, 600 ಗ್ರಾಂ ಬೋರಿಕ್ ಆಸಿಡ್, ಅಂದಾಜಿನಲ್ಲಿ. ಎರಡೂ ಒಟ್ಟಿಗಿದ್ದರೆ ಕರಗುವುದು ಜಾಸ್ತಿ. ಗೋಡೆಯ ಕಡೆಗೆ ಓರೆಯಾಗಿ 10 ಮಿಲಿಮೀಟರ್ ತೂತು, ಗೇಣಿಗೊಂದು. ದನಕ್ಕೆ ಚುಚ್ಚುವ ದೊಡ್ಡ ಸಿರಿಂಜಿನಲ್ಲಿ ದಿನಕ್ಕೆರಡು ಸಲ, ಐದು ದಿನ ಕುಡಿಸಿದೆ. ಕೊನೆಗೆ ತೂತಿಗೊಂದು ಉಂಡೆ ತುರುಕಿ ಬಿರಡೆ ಬಡಿದೆ. ಉಂಡೆಗೆ ಏನೇನು ಹಾಕಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ತಲೆ ಕೆಡಿಸಿಕೊಂಡ ಮೂರು ವರ್ಷಗಳ ಫಲ ಅದು.

ಒಂದು ಎಚ್ಚರಿಕೆ. ತೊಟ್ಟಿಕ್ಕಿದ ನೀರು ಜಗಲಿಯ ಕೆಳಗಿನ ಹೆಂಡತಿಯ ಆಂಥೂರಿಯಂ ಕುಂಡಗಳಿಗೆ ಬಿತ್ತು. ಎರಡೇ ವಾರದಲ್ಲಿ ಎಲೆಯ ಅಂಚೆಲ್ಲ ಸುಟ್ಟ ಹಾಗಾಯಿತು. ಬೋರಾಕ್ಸಿನಲ್ಲಿರುವ ಬೋರಾನ್ ಹೆಚ್ಚಾದರೆ ಹಾಗೇ. ಆ ವಿಷಯದಲ್ಲಿ ನನಗೆ ಇವತ್ತಿಗೂ ಕ್ಷಮೆ ಸಿಕ್ಕಿಲ್ಲ. ಮಕ್ಕಳು, ದನ ಇರುವ ಕಡೆ ಬಕೆಟ್ ತೆರೆದಿಡಬೇಡಿ.

ತೀರಾ ಹಾಳಾದ ತುದಿಗಳಿಗೆ ಔಷಧಿಯಿಂದ ಜೀವ ಬರುವುದಿಲ್ಲ. ಕುಂಬು ಕಂಡಲ್ಲಿಂದ ಒಂದೂವರೆ ಅಡಿ ಹಿಂದಕ್ಕೆ, ಸುತ್ತಿಗೆ ಬಡಿದರೆ ಟಣ್ ಅನ್ನುವ ಜಾಗದವರೆಗೆ ಕತ್ತರಿಸಿದೆವು. ಕೆಡವಿದ ಮನೆಯೊಂದರ ಹಳೆ ಹಲಸಿನ ತೊಲೆ ತಂದು ಓರೆ ಜೋಡು ಮಾಡಿ, ಸ್ಟೀಲ್ ಬೋಲ್ಟ್ ಬಿಗಿಸಿದೆವು. ಜ್ಯಾಕ್ ಕೊಟ್ಟು ನಿಲ್ಲಿಸಿದ್ದ ಆ ನಾಲ್ಕು ರಾತ್ರಿ ನಿದ್ದೆ ಮಾಡಿಲ್ಲ. ಕತ್ತರಿಸಿದ ತುಂಡು ಬೆಂಡಿನಷ್ಟು ಹಗುರ. ಹೊಸ ತುದಿಗೆ ಗೇರುಬೀಜದ ಸಿಪ್ಪೆಯ ಗೇರೆಣ್ಣೆ ಬಳಿದು, ಗೋಡೆಯೊಳಗೆ ಸುತ್ತ ಒಂದಿಂಚು ಸಂದು ಬಿಟ್ಟು, ಹೊರಬಾಯಿಗೆ ಇಲಿ ನುಗ್ಗದ ಜಾಲರಿ ಹೊಡೆದು, ಅದರ ಅಂಚಿಗೆ ಮಾತ್ರ ಸುಣ್ಣದ ಗಾರೆ ಹಚ್ಚಿದೆವು.

ಮಧ್ಯೆ ಬಚ್ಚಲ ಹಿಂದೆ ಒಂದು ಪ್ರಯೋಗವೂ ನಡೆಯಿತು. ಸಿಲ್ವರ್ ಓಕಿನ ಗೂಟಗಳನ್ನು ಅರ್ಧ ಹೂತಿಟ್ಟೆ. ಏನೂ ಹಚ್ಚದ್ದು ಎರಡನೇ ಮಳೆಗೆ ಕೈಯಲ್ಲಿ ಮುರಿಯಿತು. ಬರೀ ಬೋರಾಕ್ಸ್ ಕುಡಿದದ್ದೂ ಹೆಚ್ಚು ಬಾಳಲಿಲ್ಲ. ಮಳೆಗೆ ತೊಳೆದುಹೋಗುತ್ತದೆ, ಅದು ಸೂರಿನ ಕೆಳಗಿನ ಮರಕ್ಕೆ ಮಾತ್ರ. ಬೋರಾಕ್ಸ್ ಮೇಲೆ ಗೇರೆಣ್ಣೆ ಬಳಿದ ಗೂಟ ಇನ್ನೂ ನಿಂತಿದೆ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದು ಉಳಿದಿದ್ದ ಮೈಲುತುತ್ತವನ್ನೂ ಒಂದಕ್ಕೆ ಕುಡಿಸಿದ್ದೆ. ಮರ ಪರವಾಗಿಲ್ಲ, ಅದರಲ್ಲಿದ್ದ ಕಬ್ಬಿಣದ ಮೊಳೆ ತಿಂದುಹೋಗಿತ್ತು. ಮಾಡಿಗೆ ಅದನ್ನು ಹಚ್ಚಬೇಡಿ.

ಖರ್ಚು ನೆನಪಿದ್ದಷ್ಟು: ಹಳೆ ತೊಲೆ 28 ಸಾವಿರ, ಆಚಾರಿ ಮತ್ತು ಸಹಾಯಕ ಇಪ್ಪತ್ತೆರಡು ದಿನಕ್ಕೆ 46, ದೋಣಿ-ಹಂಚು 19, ಗಾರೆ ಕೆಲಸ 12, ಬೋಲ್ಟು 9, ಔಷಧಿ ಬರೀ 6. ಹಾಳು ಮಾಡಿದ್ದನ್ನೂ ಸೇರಿಸಿದರೆ ಒಂದು ಲಕ್ಷ ನಲವತ್ತು ಸಾವಿರದ ಆಸುಪಾಸು. ಆ ಹನ್ನೊಂದು ಲಕ್ಷದ ಕಂಟ್ರಾಕ್ಟರ್ ಈಗ ಸಿಕ್ಕಿದರೆ ಮಳೆಯ ವಿಷಯ ಮಾತಾಡುತ್ತಾನೆ, ತೊಲೆಯ ವಿಷಯ ಎತ್ತುವುದಿಲ್ಲ.

ಕಳೆದ ಜುಲೈಯಲ್ಲಿ ಗೋಡೆಯ ಪಕ್ಕ ಚುಚ್ಚಿದಾಗ 19 ಬಂತು. ಬೋರಾಕ್ಸ್ ಕುಡಿದ ಮರದಲ್ಲಿ ಮೀಟರ್ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ, ಹಾಗಾಗಿ ನಿಜವಾದದ್ದು ಇನ್ನೂ ಕಡಿಮೆ ಇರಬೇಕು. ಆಚಾರಿ ಈಗ ಬೇರೆಯವರ ಮನೆಗೆ ಹೋಗುವಾಗ ನನ್ನ ಸಿರಿಂಜ್ ಕೇಳಿ ಒಯ್ಯುತ್ತಾನೆ.

ಹಿತ್ತಿಲ ಬಾಗಿಲು ಮಾತ್ರ ನನ್ನನ್ನು ಸೋಲಿಸಿದೆ. ಚೌಕಟ್ಟು ನೆಲದ ನೀರನ್ನು ಬುಡದಿಂದಲೇ ಹೀರುತ್ತಿತ್ತು. ಎರಡು ಸಲ ಔಷಧಿ ಕುಡಿಸಿದರೂ ನಾರು ಬರುವುದು ನಿಲ್ಲಲಿಲ್ಲ. ಈ ಬೇಸಗೆಯಲ್ಲಿ ಬುಡದ ಒಂದಡಿ ಕತ್ತರಿಸಿ, ಕರಿಕಲ್ಲಿನ ಮೋಟು ಕಂಬದ ಮೇಲೆ ಕೂರಿಸಿದ್ದೇನೆ. ಬಾಗಿಲು ಈಗ ಸ್ವಲ್ಪ ಕಿರುಗುಟ್ಟುತ್ತದೆ.