ಹೊಸ ಎಸ್‌ಯುವಿ ಟೆಸ್ಟ್ ಡ್ರೈವ್‌ಗೆ ಹಳೆ ಗಾಡಿಯನ್ನೂ ಒಯ್ಯಿರಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ಶೋರೂಮಿನಿಂದ ಹೊರಟು, ವಿಮಾನ ನಿಲ್ದಾಣದ ತನಕ ಹೋಗಿ, ಹತ್ತು ನಿಮಿಷದಲ್ಲಿ ತಿರುಗಿ ಬರುವುದಕ್ಕೆ ಟೆಸ್ಟ್ ಡ್ರೈವ್ ಅನ್ನುವ ರೂಢಿ ಬಿದ್ದಿದೆ. ನೇರ ರಸ್ತೆ, ಪೂರ್ತಿ ಎ.ಸಿ., ಗಾಡಿಯಲ್ಲಿ ಇಬ್ಬರೇ ಜನ, ಕಿವಿಗೆ ಹಾಡು. ಹೀಗೆ ಓಡಿಸಿದರೆ ಯಾವ ಹೊಸ ಗಾಡಿಯೂ ಚೆನ್ನಾಗಿಯೇ ಕಾಣುತ್ತದೆ. ಹದಿನೈದು ಇಪ್ಪತ್ತು ಲಕ್ಷ ಸುರಿಯುವ ಮುಂಚೆ ತಿಳಿಯಬೇಕಾದ್ದು ಬೇರೆಯೇ ಇದೆ. ಈಗಿರುವ ಗಾಡಿಗಿಂತ ಇದು ಯಾವುದರಲ್ಲಿ ಮೇಲು, ಎಷ್ಟು ಮೇಲು, ಯಾವುದರಲ್ಲಿ ಕಡಿಮೆ? ಇದಕ್ಕೆ ಉತ್ತರ ಕೊಡುವುದು ನಿಮ್ಮ ಮನೆ ಮುಂದೆ ನಿಂತ ಗಾಡಿಯೇ. ಅದರ ಗುಣ ಅವಗುಣ ನಿಮ್ಮ ಕೈಕಾಲಿಗೆ ಗೊತ್ತು. ಎರಡನ್ನೂ ಒಂದೇ ದಿನ, ಒಂದೇ ರಸ್ತೆಯಲ್ಲಿ, ಅಷ್ಟೇ ಜನರನ್ನು ಕೂರಿಸಿಕೊಂಡು, ಒಂದರ ಹಿಂದೊಂದು ಓಡಿಸಬೇಕು.

ಮೊದಲು ನಿಮ್ಮ ಗಾಡಿ ಸರಿಪಡಿಸಿ

ಸವೆದ ಟೈರು, ಸಸ್ಪೆನ್ಷನ್ನಿನ ಸಡಿಲಾದ ರಬ್ಬರ್ ಬುಷ್ ಇರುವ ಹಳೆ ಗಾಡಿಯ ಪಕ್ಕ ಹೊಸದನ್ನು ನಿಲ್ಲಿಸಿ ಹೋಲಿಸಿದರೆ ಅದು ಗಾಡಿಗಳ ಹೋಲಿಕೆ ಆಗುವುದಿಲ್ಲ, ಬರೀ ನಿರ್ವಹಣೆಯ ಹೋಲಿಕೆ ಆಗುತ್ತದೆ. ಟೆಸ್ಟ್ ಡ್ರೈವ್‌ಗೆ ಒಂದು ವಾರ ಮುಂಚೆ ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ. ಏರ್ ಫಿಲ್ಟರ್ ಮತ್ತು ಎ.ಸಿ.ಯ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಬೇಸಿಗೆಯ ಧೂಳಿಗೆ ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಎ.ಸಿ. ಸರಿಯಿದ್ದರೂ ಗಾಳಿ ಬರುವುದಿಲ್ಲ.

ಟೈರಿನ ಪಕ್ಕೆಯಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2320 ಎಂದಿದ್ದರೆ 2020ರ 23ನೇ ವಾರದಲ್ಲಿ ತಯಾರಾದ ಟೈರು. ಐದಾರು ವರ್ಷ ದಾಟಿದ ಟೈರಿನ ರಬ್ಬರ್ ಗಟ್ಟಿಯಾಗಿ ಗದ್ದಲ ಹೆಚ್ಚುತ್ತದೆ, ಮಳೆಯಲ್ಲಿ ಹಿಡಿತ ತಪ್ಪುತ್ತದೆ. ನಿಮ್ಮ ಗಾಡಿಯ ಮುಖ್ಯ ದೂರು ಇದೇ ಆಗಿದ್ದರೆ ಮೊದಲು ನಾಲ್ಕು ಟೈರು ಬದಲಿಸಿ ನೋಡುವುದೇ ಜಾಣತನ. ಗಾಡಿ ಬದಲಿಸುವ ಯೋಚನೆ ಎರಡು ವರ್ಷ ಮುಂದೆ ಹೋದರೂ ಹೋದೀತು.

ಮೈಲೇಜಿನ ಲೆಕ್ಕವನ್ನೂ ಈಗಲೇ ಮಾಡಿಟ್ಟುಕೊಳ್ಳಿ. ಒಂದೇ ಬಂಕಿನಲ್ಲಿ ನಾಝಲ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮುಂದಿನ ಸಲ ಮತ್ತೆ ಕಟ್ ಆಗುವವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿ. ಎರಡು ಮೂರು ಟ್ಯಾಂಕಿನ ಸರಾಸರಿ ತೆಗೆದರೆ ನಂಬಬಹುದು. ಹೊಸ ಗಾಡಿಯ ಮೈಲೇಜು ಟೆಸ್ಟ್ ಡ್ರೈವ್‌ನಲ್ಲಿ ತಿಳಿಯುವುದಿಲ್ಲ. ಮೀಟರಿನ ಪರದೆ ತೋರಿಸುವ ಸಂಖ್ಯೆ ಆ ಇಪ್ಪತ್ತು ಮೂವತ್ತು ಕಿಲೋಮೀಟರಿನದ್ದಷ್ಟೇ.

ಫೋನಿನಲ್ಲೇ ಇಷ್ಟು ಕೇಳಿ

ಟೆಸ್ಟ್ ಡ್ರೈವ್‌ಗೆ ಇಡುವುದು ಹೆಚ್ಚಾಗಿ ಟಾಪ್ ವೇರಿಯಂಟ್. ಅದರಲ್ಲಿ 18 ಇಂಚಿನ ಚಕ್ರ ಇದ್ದು, ನೀವು ಕೊಳ್ಳುವ ನಡುವಿನ ವೇರಿಯಂಟಿನಲ್ಲಿ 16 ಅಥವಾ 17 ಇಂಚಿನದು ಇದ್ದರೆ ಎರಡರ ಓಟವೇ ಬೇರೆ. ಚಕ್ರ ದೊಡ್ಡದಾದಷ್ಟು ಟೈರಿನ ಪಕ್ಕೆ ಗಿಡ್ಡವಾಗುತ್ತದೆ, ಗುಂಡಿಯ ಹೊಡೆತ ನೇರ ಸೀಟಿಗೆ ಬರುತ್ತದೆ, ಟೈರು ಬದಲಿಸುವಾಗ ದುಡ್ಡೂ ಹೆಚ್ಚು ಬೀಳುತ್ತದೆ. ಆದ್ದರಿಂದ ವೇರಿಯಂಟ್, ಎಂಜಿನ್, ಗೇರ್‌ಬಾಕ್ಸ್, ಟೈರಿನ ಅಳತೆ ನಾಲ್ಕನ್ನೂ ಮುಂಚೆಯೇ ಕೇಳಿ. ಭಾನುವಾರ ಬೇಡ, ವಾರದ ನಡುವಿನ ದಿನ ಬೆಳಿಗ್ಗೆ ಹತ್ತೂವರೆಗೆ ಒಂದೂವರೆ ತಾಸು ಬೇಕೆಂದು ಹೇಳಿ. ಕೊಡುವುದಿಲ್ಲ ಎಂದರೆ ಅವಳಿ ನಗರದಲ್ಲಿ ಅದೇ ಕಂಪನಿಯ ಇನ್ನೊಂದು ಶೋರೂಮ್ ಇದೆಯೇ ನೋಡಿ. ಲೈಸೆನ್ಸ್ ಜೇಬಿನಲ್ಲಿರಲಿ. ಟೆಸ್ಟ್ ಗಾಡಿಯ ವಿಮೆ ಚಾಲ್ತಿಯಲ್ಲಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಒಯ್ಯಬೇಕಾದ ಸಾಮಾನು: ಟೈರ್ ಗೇಜ್, ಅಳತೆ ಟೇಪು, ಗಾಳಿಯ ಬಿಸಿ ಅಳೆಯುವ ಸಣ್ಣ ಡಿಜಿಟಲ್ ಥರ್ಮಾಮೀಟರ್, ಒಂದು ದೊಡ್ಡ ಸೂಟ್‌ಕೇಸ್, ಬರೆಯಲು ಪುಸ್ತಕ. ಜತೆಗೆ ಮನೆಯ ಹಿರಿಯರು.

ಸ್ಟಾರ್ಟ್ ಮಾಡುವ ಮುಂಚೆ

ಗೇಜ್ ಹಚ್ಚಿ ಟೆಸ್ಟ್ ಗಾಡಿಯ ಗಾಳಿ ನೋಡಿ. ಎಷ್ಟಿರಬೇಕು ಎಂಬುದು ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲಿದೆ. ಸಾಮಾನ್ಯವಾಗಿ 33ರಿಂದ 36 ಪಿಎಸ್‌ಐ. ಅಲ್ಲಿ 40 ಇದ್ದರೆ ಸಸ್ಪೆನ್ಷನ್ ಬಿರುಸು ಅನಿಸುತ್ತದೆ, 28 ಇದ್ದರೆ ಸುಳ್ಳು ಮೆತ್ತಗೆ ಅನಿಸುತ್ತದೆ. ಸರಿ ಮಾಡಿಸಿಯೇ ಹೊರಡಿ. ನಿಮ್ಮ ಗಾಡಿಗೂ ಇದೇ ನಿಯಮ.

ಸೀಟು, ಸ್ಟೀರಿಂಗ್ ನಿಮಗೆ ಹೊಂದಿಸಿಕೊಳ್ಳಲು ಪೂರ್ತಿ ಹತ್ತು ನಿಮಿಷ ಕೊಡಿ. ಸ್ಟೀರಿಂಗ್ ಮೇಲೆ ಕೆಳಗೆ ಸರಿಯುವುದು ಹೆಚ್ಚಿನವುಗಳಲ್ಲಿ ಉಂಟು, ಹಿಂದೆ ಮುಂದೆ ಸರಿಯುವುದು ಎಷ್ಟೋ ವೇರಿಯಂಟಿನಲ್ಲಿ ಇರುವುದಿಲ್ಲ. ಎತ್ತರದವರಿಗೆ ಇದರಿಂದ ಕಾಲು ಮಡಚಿ, ಕೈ ಚಾಚಿ ಕೂರುವ ಪಾಡು. ಬಲ ಮುಂಬದಿಯ ಕಂಬ ಎಷ್ಟು ದಪ್ಪ ಇದೆ ನೋಡಿ. ಉಣಕಲ್ ಕ್ರಾಸಿನಂಥ ಕಡೆ ಬಲಕ್ಕೆ ತಿರುಗುವಾಗ ಒಂದು ಬೈಕು ಇಡಿಯಾಗಿ ಆ ಕಂಬದ ಮರೆಯಲ್ಲಿ ಅಡಗುತ್ತದೆ. ಹಳೆ ಗಾಡಿಯಲ್ಲಿ ಕುಳಿತು ಅದೇ ಕೋನ ನೋಡಿ ಹೋಲಿಸಿ.

ಅಜ್ಜಿ ಸೀರೆಯಲ್ಲಿ ಹತ್ತಿ ಇಳಿಯಲಿ, ಎರಡು ಸಲ. ನೆಲದಿಂದ ಬಾಗಿಲ ಹೊಸ್ತಿಲಿನ ಎತ್ತರ ಎರಡೂ ಗಾಡಿಯಲ್ಲಿ ಟೇಪಿನಿಂದ ಅಳೆದು ಬರೆದುಕೊಳ್ಳಿ. ಐದು ಸೆಂಟಿಮೀಟರ್ ಹೆಚ್ಚಾದರೂ ನೋಯುವ ಮೊಣಕಾಲಿಗೆ ಅದು ಗೊತ್ತಾಗುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕೂತು ಮೂವರೂ ಬೆಲ್ಟ್ ಹಾಕಿಕೊಳ್ಳಲಿ, ನಡುವಿನವರ ಕಾಲಿಗೆ ಜಾಗ ಉಂಟೇ ನೋಡಲಿ. ಡಿಕ್ಕಿಯ ಲೀಟರ್ ಲೆಕ್ಕ ಬಿಡಿ, ಸೂಟ್‌ಕೇಸ್ ಇಟ್ಟು ಬಾಗಿಲು ಮುಚ್ಚಿ. ಸ್ಟೆಪ್ನಿ ಪೂರ್ತಿ ಅಳತೆಯದೋ, ಗಂಟೆಗೆ 80 ಕಿ.ಮೀ. ಮಿತಿಯ ಸಣ್ಣದೋ, ಅಥವಾ ಬರೀ ಪಂಕ್ಚರ್ ಕಿಟ್ಟೋ? ರಾತ್ರಿ ನವಲಗುಂದದಾಚೆ ಟೈರು ಹರಿದರೆ ಕಿಟ್ಟಿನಿಂದ ಏನೂ ಆಗುವುದಿಲ್ಲ.

ಇಲ್ಲಿ ಒಂದು ಅಳತೆ ಬಹಳ ಜನ ಬಿಡುತ್ತಾರೆ. ಜಾಹೀರಾತಿನ 200 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಸಾಮಾನ್ಯವಾಗಿ ಖಾಲಿ ಗಾಡಿಯದು. ಹಿಂದಿನ ಚಕ್ರದ ನಡುಬಿಂದುವಿನಿಂದ ನೇರ ಮೇಲೆ, ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಿರಿ. ಐವರೂ ಹತ್ತಿ ಕೂತ ಮೇಲೆ ಮತ್ತೆ ಅಳೆಯಿರಿ. ಎಷ್ಟು ಇಳಿಯಿತೋ ಹೆಚ್ಚುಕಡಿಮೆ ಅಷ್ಟು ಹಿಂಬದಿಯ ಹೊಟ್ಟೆ ನೆಲಕ್ಕೆ ಹತ್ತಿರವಾಯಿತು. ನಿಮ್ಮ ಗಾಡಿಯಲ್ಲೂ ಅದೇ ಐವರನ್ನು ಕೂರಿಸಿ ಅಳೆಯಿರಿ. ಕಾಗದದ ಮೇಲೆ ಎತ್ತರವಿದ್ದ ಗಾಡಿ ಜನ ತುಂಬಿದಾಗ ನಿಮ್ಮ ಹಳೆಯದರ ಮಟ್ಟಕ್ಕೇ ಇಳಿಯುವುದುಂಟು.

ಉದ್ದವನ್ನೂ ಮರೆಯಬೇಡಿ. ಸಾಧನಕೇರಿಯ, ದೇಶಪಾಂಡೆ ನಗರದ ಹಳೆ ಮನೆಗಳ ಗೇಟಿನೊಳಗೆ 4 ಮೀಟರಿನ ಗಾಡಿ ಹಿಡಿಸುವ ಜಾಗದಲ್ಲಿ 4.3 ಮೀಟರಿನದು ಬಾಲ ಹೊರಗಿಟ್ಟು ನಿಲ್ಲಬಹುದು. ಬೆಲೆಯೂ ಅಲ್ಲೇ ಬೇರೆಯಾಗುತ್ತದೆ: 2025ರ ಸೆಪ್ಟೆಂಬರ್ 22ರಿಂದ, 4 ಮೀಟರ್ ಮೀರದ, 1200 ಸಿ.ಸಿ. ಒಳಗಿನ ಪೆಟ್ರೋಲ್ ಇಲ್ಲವೇ 1500 ಸಿ.ಸಿ. ಒಳಗಿನ ಡೀಸೆಲ್ ಗಾಡಿಗೆ ಜಿಎಸ್‌ಟಿ ಶೇ 18. ಆ ಮಿತಿ ದಾಟಿದರೆ ಶೇ 40.

ದಾರಿ ನೀವೇ ಆರಿಸಿ

ಒಟ್ಟು 25ರಿಂದ 30 ಕಿ.ಮೀ. ಸಾಕು. ಮೊದಲು ನಿಮ್ಮ ಗಾಡಿಯಲ್ಲಿ ಪೂರ್ತಿ ಸುತ್ತು, ಕೂಡಲೇ ಹೊಸದರಲ್ಲಿ ಅದೇ ಸುತ್ತು, ಕೊನೆಗೆ ಮತ್ತೆ ನಿಮ್ಮದರಲ್ಲಿ ಐದು ಕಿ.ಮೀ. ಈ ಕೊನೆಯ ಐದು ಬಹಳ ಮುಖ್ಯ. ಹೊಸ ಗಾಡಿಗೆ ಹೊಂದಿಕೊಂಡ ಕೈಗೆ ಆಗ ಹಳೆಯದರ ಭಾರವಾದ ಕ್ಲಚ್ಚೂ, ಹಳೆಯದರ ಒಳ್ಳೆಯತನವೂ ಎರಡೂ ಎದ್ದು ಕಾಣುತ್ತವೆ.

ಚನ್ನಮ್ಮ ವೃತ್ತ, ಕೊಪ್ಪೀಕರ್ ರಸ್ತೆ, ದುರ್ಗದಬೈಲ್ ಕಡೆಯ ತೆವಳುವ ಸಂಚಾರದಿಂದ ಶುರು ಮಾಡಿ. ಮ್ಯಾನ್ಯುವಲ್ ಆದರೆ ಎಡ ಮೊಣಕಾಲು ಕ್ಲಚ್ಚಿನ ಭಾರ ಹೇಳುತ್ತದೆ. ಆಟೊಮ್ಯಾಟಿಕ್ ಆದರೆ ಬ್ರೇಕಿನಿಂದ ಕಾಲು ತೆಗೆದು, 5–10 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಮುಟ್ಟದೆ ಬಿಡಿ. ಆಟೊಮ್ಯಾಟಿಕ್‌ನಲ್ಲಿ ಹಲವು ಬಗೆ: ಟಾರ್ಕ್ ಕನ್ವರ್ಟರ್, ಸಿವಿಟಿ ನಯವಾಗಿ ಜಾರುತ್ತವೆ. ಎಎಂಟಿ (ಕ್ಲಚ್ಚು, ಗೇರು ತಾನೇ ಬದಲಿಸಿಕೊಳ್ಳುವ ಮ್ಯಾನ್ಯುವಲ್ ಗೇರ್‌ಬಾಕ್ಸ್) ಗೇರ್ ಬದಲಿಸುವಾಗ ತಲೆ ಮುಂದಕ್ಕೆ ತೂಗುತ್ತದೆ. ಡ್ಯುಯಲ್ ಕ್ಲಚ್ ಇದ್ದರೆ ಒಳಗೆ ಕ್ಲಚ್ಚು ಅರ್ಧ ಹಿಡಿದೇ ಇರುವುದರಿಂದ ಬಹಳ ಹೊತ್ತು ತೆವಳಿದರೆ ಬಿಸಿಯಾಗುತ್ತದೆ. ಜರ್ಕ್ ಬಂತೇ, ಎಚ್ಚರಿಕೆ ದೀಪ ಬಂತೇ ಗಮನಿಸಿ.

ಅಲ್ಲಿಂದ ಹಳೆ ಪಿ.ಬಿ. ರಸ್ತೆಗೆ ಬನ್ನಿ. ಚಿಗರಿ ಬಸ್ಸಿಗೆಂದೇ ಮೀಸಲಾದ ಪಥಕ್ಕೆ ನುಗ್ಗಬೇಡಿ. ಪಕ್ಕದ ಮಿಶ್ರ ಸಂಚಾರದಲ್ಲೇ ಸಣ್ಣ ಟರ್ಬೊ ಪೆಟ್ರೋಲಿನ ಗುಟ್ಟು ತಿಳಿಯುತ್ತದೆ. ಸುಮಾರು 1800 ಆರ್‌ಪಿಎಂ ಕೆಳಗೆ ಅದು ಉಸಿರು ಕಟ್ಟಿದಂತಿದ್ದು, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ನಿಮ್ಮದು ಹಳೆ ಡೀಸೆಲ್ ಆಗಿದ್ದರೆ ಈ ವ್ಯತ್ಯಾಸ ಮೊದಲ ಸಿಗ್ನಲ್ಲಿನಲ್ಲೇ ತಿಳಿಯುತ್ತದೆ.

ನೃಪತುಂಗ ಬೆಟ್ಟದ ಏರಿಗೆ ವಾಕಿಂಗ್ ಜನ ಇಲ್ಲದ ಹೊತ್ತಿನಲ್ಲಿ ಹೋಗಿ. ನಾಲ್ವರು, ಎ.ಸಿ. ಹಾಕಿ, ಏರಿನ ನಡುವೆ ನಿಲ್ಲಿಸಿ ಮತ್ತೆ ಎತ್ತಿ. ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ತಡೆಯುವ ಹಿಲ್ ಹೋಲ್ಡ್ ಎರಡು ಮೂರು ಸೆಕೆಂಡಷ್ಟೇ ಹಿಡಿಯುತ್ತದೆ. ಅಷ್ಟರಲ್ಲಿ ಎಂಜಿನ್ ಎಳೆಯಬೇಕು.

ಹೆದ್ದಾರಿಗೆ ಗಬ್ಬೂರು ದಾಟಿ ವರೂರಿನ ಕಡೆ, ಹಾವೇರಿ ದಾರಿ ಒಳ್ಳೆಯದು. ಇಲ್ಲಿ ಮೂರು ಪರೀಕ್ಷೆ. ಮೊದಲು, ಫೋನಿನ ಜಿಪಿಎಸ್ ವೇಗ ತೆರೆದಿಡಿ. ಗಾಡಿಯ ಸ್ಪೀಡೋಮೀಟರ್ ನಿಜಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ, ಆ ಹೆಚ್ಚಳ ಗಾಡಿಯಿಂದ ಗಾಡಿಗೆ ಬೇರೆ. ಎರಡಕ್ಕೂ ಜಿಪಿಎಸ್ ವೇಗವನ್ನೇ ನಂಬಿ. ರಸ್ತೆ ಖಾಲಿ ಇದ್ದಾಗ ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಏರಲು ಎಷ್ಟು ಸೆಕೆಂಡ್ ಎಂದು ಪಕ್ಕದವರು ಎಣಿಸಲಿ. ಆಟೊಮ್ಯಾಟಿಕ್ಕಿನಲ್ಲಿ ಕಾಲು ಪೂರ್ತಿ ಒತ್ತಿ. ಒಂದು ಸೆಕೆಂಡಿನ ವ್ಯತ್ಯಾಸ ಎಂದರೆ ಲಾರಿ ದಾಟುವಾಗ ಹದಿನೈದಿಪ್ಪತ್ತು ಮೀಟರ್ ರಸ್ತೆ. ಎರಡನೆಯದು ಸದ್ದು: ಕಿಟಕಿ ಮುಚ್ಚಿ, ಫ್ಯಾನ್ 1ರಲ್ಲಿ, ಹಾಡು ಬಂದ್, ಜಿಪಿಎಸ್ 80ರಲ್ಲಿ ಡೆಸಿಬೆಲ್ ಆ್ಯಪ್ ಓದಿ. ಒಂದೇ ಫೋನು, ಒಂದೇ ಜಾಗ, ಒಂದೇ ದಿಕ್ಕು. ಮೂರು ಡೆಸಿಬೆಲ್ ಕಡಿಮೆ ಬಂದರೂ ಕಿವಿಗೆ ಗೊತ್ತಾಗುತ್ತದೆ. ಮೂರನೆಯದು ಮುಂಗಾರಿನಲ್ಲಿ ಟೆಸ್ಟ್ ಡ್ರೈವ್ ಮಾಡುವವರಿಗೆ. ಈ ಹೆದ್ದಾರಿ ದಕ್ಷಿಣಕ್ಕೆ ಇಳಿಯುವುದರಿಂದ ಜೂನ್‌ನಿಂದ ಆಗಸ್ಟಿನ ಪಡುವಣ ಗಾಳಿ ಅಡ್ಡಲಾಗಿ ಬಡಿಯುತ್ತದೆ. ಎತ್ತರದ ಗಾಡಿಯನ್ನು ನೇರ ಹಿಡಿಯಲು ಸ್ಟೀರಿಂಗ್ ಎಷ್ಟು ತಿದ್ದಬೇಕಾಯಿತು ನೋಡಿ.

ಬ್ರೇಕ್ ಪರೀಕ್ಷೆ ಹೆದ್ದಾರಿಯಲ್ಲಿ ಬೇಡ. ಖಾಲಿ ಒಳರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ನೋಡಿ, ಜತೆಗಿದ್ದವರಿಗೆ ಹೇಳಿ, 40ರಿಂದ ಒತ್ತಿ ನಿಲ್ಲಿಸಿ. ಗಾಡಿ ನೇರ ನಿಲ್ಲಬೇಕು.

ತಿರುಗಿ ಬರುವಾಗ ಯಾವುದಾದರೂ ಹಳ್ಳಿ ರಸ್ತೆಗೆ ಇಳಿಯಿರಿ, ಸ್ಟೀರಿಂಗ್ ಬೇರೆಯವರಿಗೆ ಕೊಟ್ಟು ನೀವು ಹಿಂದೆ ಕೂರಿ. ಹಂಪ್ಸ್ ಮೇಲೆ 20ರಲ್ಲಿ, ಗುಂಡಿಯ ಮೇಲೆ 40ರಲ್ಲಿ. ಚಾಲಕನಿಗೆ ಹಿತವಾದದ್ದು ಹಿಂದಿನವರ ಸೊಂಟಕ್ಕೆ ಹಿತವಾಗಬೇಕೆಂದಿಲ್ಲ.

ಎರಿ ಹೊಲದವರಿಗೆ

ಅಣ್ಣಿಗೇರಿ, ನವಲಗುಂದ, ನರಗುಂದದ ಎರಿ (ಕಪ್ಪು) ಮಣ್ಣಿನಲ್ಲಿ ಹೊಲಕ್ಕೆ ಹೋಗುವವರು ಟೆಸ್ಟ್ ಗಾಡಿಯನ್ನು ಕೆಸರಿಗೆ ಇಳಿಸಲಾರರು, ಆದರೆ ನಿಂತಲ್ಲೇ ಬಹಳಷ್ಟು ತಿಳಿಯಬಹುದು. ಟೈರಿಗೂ ಮಡ್‌ಗಾರ್ಡಿನ ಒಳಪದರಕ್ಕೂ ನಡುವೆ ಕೈ ಹಾಕಿ. ನೆನೆದ ಎರಿ ಅಲ್ಲಿ ಪದರ ಪದರವಾಗಿ ಕಟ್ಟಿಕೊಳ್ಳುತ್ತದೆ. ಸಂದು ಕಿರಿದಾಗಿದ್ದರೆ ಚಕ್ರವೇ ನಿಲ್ಲುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಬಂದ್ ಮಾಡುವ ಗುಂಡಿ ಇದೆಯೇ? ಚಕ್ರ ಜಾರಿದ ಕೂಡಲೇ ಆ ವ್ಯವಸ್ಥೆ ಎಂಜಿನ್ ಶಕ್ತಿ ಕಡಿತಗೊಳಿಸುತ್ತದೆ. ಕೆಸರಿನಲ್ಲಿ ಚಕ್ರ ತುಸು ತಿರುಗಿ ಮಣ್ಣು ಕೊಡವದಿದ್ದರೆ ಹೊರಬರುವುದಿಲ್ಲ. ಪುಟ್ಟ ಎಸ್‌ಯುವಿಗಳಲ್ಲಿ ಹೆಚ್ಚಿನವು ಮುಂಚಕ್ರ ಎಳೆಯುವಂಥವು, ಹೆಸರಿಗೆ ಎಸ್‌ಯುವಿ. ಬೊಲೆರೊದಂಥ ಹಿಂಚಕ್ರದ ಗಾಡಿಯಿಂದ ಬದಲಾಗುವವರು ಇದನ್ನು ಮೊದಲೇ ತಿಳಿದಿರಬೇಕು. ಎಡಾಸ್ (ರಾಡಾರ್, ಕ್ಯಾಮೆರಾದಿಂದ ಚಾಲಕನಿಗೆ ನೆರವಾಗುವ ವ್ಯವಸ್ಥೆ) ಇದ್ದರೆ ಮುಂಬಂಪರಿನ ರಾಡಾರ್‌ಗೆ ಮಣ್ಣು ಮೆತ್ತಿದಾಗ ಅದು ಕೆಲಸ ನಿಲ್ಲಿಸಿ ಎಚ್ಚರಿಕೆ ತೋರಿಸುತ್ತದೆ. ಒರೆಸಲು ಕೈಗೆ ಸಿಗುವ ಜಾಗದಲ್ಲಿದೆಯೇ ನೋಡಿಕೊಳ್ಳಿ.

ಬಿಸಿಲು, ಕತ್ತಲೆ, ಮತ್ತು ಡೀಸೆಲ್ಲಿನ ಒಂದು ಮಾತು

ಏಪ್ರಿಲ್, ಮೇ ಆದರೆ ಎರಡೂ ಗಾಡಿಯನ್ನು ಮಧ್ಯಾಹ್ನ ಅರ್ಧ ತಾಸು ಬಿಸಿಲಿನಲ್ಲಿ ಅಕ್ಕಪಕ್ಕ ನಿಲ್ಲಿಸಿ. ಒಟ್ಟಿಗೆ ಸ್ಟಾರ್ಟ್ ಮಾಡಿ, ಒಳಗಾಳಿ ಒಳಗೇ ತಿರುಗುವಂತಿಟ್ಟು, ಐದು ನಿಮಿಷದ ಮೇಲೆ ಗಾಳಿಕಿಂಡಿಯ ಬಾಯಿಗೆ ಥರ್ಮಾಮೀಟರ್ ಹಿಡಿಯಿರಿ. ಹಿಂದಿನ ಸೀಟಿನಲ್ಲೂ ಹಿಡಿಯಿರಿ. ದೊಡ್ಡ ಗಾಜಿನ ಸನ್‌ರೂಫ್ ಇದ್ದರೆ ಒಳಪರದೆ ಎಳೆದು ಕೈ ಇಟ್ಟು ನೋಡಿ. ಪರದೆ ತೆಳ್ಳಗಿದ್ದರೆ ನೆತ್ತಿ ಸುಡುತ್ತದೆ.

ಸಂಜೆ ಏಳರ ಮೇಲೆ ಇನ್ನೊಂದು ಸಣ್ಣ ಸುತ್ತು ಕೇಳಿ. ಬೀದಿ ದೀಪವಿಲ್ಲದ ಕಡೆ ಲೋ ಬೀಮ್ ಎಷ್ಟು ದೂರ, ಎಡ ಅಂಚಿಗೆ ಎಷ್ಟು ಅಗಲ ಬೀಳುತ್ತದೆ ನೋಡಿ.

2020ರ ಏಪ್ರಿಲ್ 1ರ ನಂತರದ ಬಿಎಸ್6 (ಹೊಗೆಗೆ ಸರ್ಕಾರ ಹಾಕಿದ ಮಿತಿಯ ಹಂತ) ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಮಸಿ ಸುಟ್ಟುಹೋಗಲು ಆಗಾಗ ಹದಿನೈದಿಪ್ಪತ್ತು ನಿಮಿಷ ಒಂದೇ ಸಮ ವೇಗದ ಓಟ ಬೇಕು. ಕೇಶ್ವಾಪುರದಿಂದ ವಿದ್ಯಾನಗರಕ್ಕೆ ದಿನಕ್ಕೆ ನಾಲ್ಕು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಇದು ಕಟ್ಟಿಕೊಂಡು ತೊಂದರೆ ಕೊಡುತ್ತದೆ. ನಿಮ್ಮ ಬಿಎಸ್4 ಡೀಸೆಲ್ ಇಷ್ಟು ವರ್ಷ ಹಾಗೆ ಓಡಿದ್ದರೂ ಹೊಸದು ಸಹಿಸುವುದಿಲ್ಲ. ವಾರಕ್ಕೊಮ್ಮೆ ಗದಗ, ಬೆಳಗಾವಿ ಕಡೆ ಓಡಾಟವಿದ್ದರೆ ಚಿಂತೆಯಿಲ್ಲ.

ಹಳೆ ಗಾಡಿಯ ವಿನಿಮಯ ಬೆಲೆಯನ್ನು ಅದೇ ದಿನ ಮಾತಾಡಬೇಡಿ. ಗಾಡಿ ಎದುರಿಗೇ ಇರುವುದರಿಂದ ಅವರು ಕೇಳಿಯೇ ಕೇಳುತ್ತಾರೆ. ಹೊಸದರ ಆನ್‌ರೋಡ್ ಬೆಲೆ ಒಂದು ಹಾಳೆಯಲ್ಲಿ, ಹಳೆಯದಕ್ಕೆ ಕೊಡುವ ಬೆಲೆ ಇನ್ನೊಂದರಲ್ಲಿ ಬರೆಸಿಕೊಳ್ಳಿ. ಎಕ್ಸ್‌ಚೇಂಜ್ ಬೋನಸ್ ಎಂಬ ಸಾಲು ಹಳೆ ಗಾಡಿಯ ಬೆಲೆಯ ಒಳಗೆ ಸೇರಿದೆಯೋ, ಅದರ ಮೇಲೆ ಬೇರೆಯಾಗಿ ಇದೆಯೋ ಎಂದು ಕೇಳಿ ಅದನ್ನೂ ಬರೆಸಿಕೊಳ್ಳಿ. ಆಮೇಲೆ ಹೊರಗಿನ ಇಬ್ಬರು ಡೀಲರ್‌ಗಳಿಗೆ ಗಾಡಿ ತೋರಿಸಿ ಬೆಲೆ ಕೇಳಿ.