ಟೀಗೂ ಡಿಕಾಕ್ಷನ್ ಇಳಿಸಬಹುದು, ಎರಡು ವರ್ಷದಿಂದ ನಾನು ಮಾಡ್ತಿದೀನಿ

ಬೆಂಗಳೂರಿನ ಪೀಣ್ಯದಲ್ಲಿ ನಂದೊಂದು ಚಿಕ್ಕ ಟೀ ಅಂಗಡಿ. ಅಂಗಡಿ ವ್ಯಾಪಾರಕ್ಕಿಂತ ಸುತ್ತಮುತ್ತ ಫ್ಯಾಕ್ಟರಿಗಳಿಗೆ ಫ್ಲಾಸ್ಕಲ್ಲಿ ಕಳಿಸೋದೇ ಜಾಸ್ತಿ, ದಿನಕ್ಕೆ ಹೆಚ್ಚುಕಮ್ಮಿ 700 ಕಪ್, ಎಲ್ಲಾ 80 ಎಂಎಲ್ ಕಪ್ಪು. ಬೆಳಿಗ್ಗೆ 10ಕ್ಕೆ ಒಂದ್ಸಲ, ಸಾಯಂಕಾಲ 4ಕ್ಕೆ ಒಂದ್ಸಲ ಎಲ್ಲರಿಗೂ ಒಟ್ಟಿಗೇ ಬೇಕು, ಹತ್ತು ನಿಮಿಷ ಲೇಟಾದ್ರೆ ಬ್ರೇಕ್ ಮುಗಿದುಹೋಗತ್ತೆ, ಆಮೇಲೆ ಟೀ ಯಾರಿಗೂ ಬೇಡ. ಮೊದಲೇ ಕುದಿಸಿ ಇಟ್ಟರೆ ಹಾಲು ಹಾಕಿದ ಟೀ ಒಂದು ಗಂಟೆಗೇ ಹಳಸಲು ರುಚಿ. ದಿನಾ ನಾಲ್ಕೈದು ಲೀಟರ್ ಮೋರಿಗೆ ಸುರೀತಿದ್ದೆ. ಅದನ್ನ ನೋಡಿ ನೋಡಿ ಹೊಟ್ಟೆ ಉರಿದು ಶುರು ಮಾಡಿದ್ದು ಇದು.

ಗಟ್ಟಿ ಡಿಕಾಕ್ಷನ್ ಮಾಡಿಟ್ಟು, ಬೇಕಾದಾಗ ಬಿಸಿ ಹಾಲಿಗೆ ಬೆರೆಸೋಣ ಅಂದಾಗ ನಮ್ಮ ಭಾವ "ಅದೆಲ್ಲ ಕಾಫಿಗೆ ಕಣೋ, ಟೀ ಅಂದ್ರೆ ಹಾಲಲ್ಲಿ ಕುದೀಬೇಕು" ಅಂದ್ರು. ಅವರದ್ದೂ ಇಪ್ಪತ್ತು ವರ್ಷದ ಅಂಗಡಿ, ಎದುರು ಮಾತಾಡಕ್ಕಾಗಲ್ಲ. ಆದ್ರೆ ಹೈದರಾಬಾದಲ್ಲಿ ಇರಾನಿ ಹೋಟೆಲ್‌ಗಳಲ್ಲಿ ಡಿಕಾಕ್ಷನ್ ಒಂದು ಪಾತ್ರೆ, ಕಾಯ್ಸಿ ಕಾಯ್ಸಿ ಗಟ್ಟಿ ಮಾಡಿದ ಹಾಲು ಇನ್ನೊಂದು ಪಾತ್ರೆ ಇಟ್ಟು ಕಪ್ಪಲ್ಲೇ ಬೆರೆಸಿಕೊಡೋದನ್ನ ನಾನೇ ಕಣ್ಣಾರೆ ನೋಡಿದ್ದೆ. ಅಲ್ಲಿ ಆಗೋದು ಇಲ್ಲಿ ಯಾಕಾಗಲ್ಲ?

ಎಲ್ಲರೂ ಮಾಡೋ ಹಾಗೆ ನಾನೂ ಮೊದಲು ಹೋಗಿದ್ದು ಕಾಫಿ ಫಿಲ್ಟರ್ ಹತ್ರಾನೇ. ದೊಡ್ಡದೊಂದು ಹಿತ್ತಾಳೆ ಫಿಲ್ಟರ್ ತಂದು ಡಸ್ಟ್, ಅಂದ್ರೆ ನುಣ್ಣನೆ ಟೀ ಪುಡಿ ಹಾಕಿ ಬಿಸಿನೀರು ಹುಯ್ದೆ, ಪುಡಿ ಉಬ್ಬಿಕೊಂಡು ತೂತೆಲ್ಲ ಕಟ್ಟಿ ಅರ್ಧ ಗಂಟೆಗೆ ಒಂದು ಲೋಟ ಇಳೀತು. ಫಿಲ್ಟರಿಗೆ ಕೊಟ್ಟ ಸಾವಿರದ ಮುನ್ನೂರೋ ನಾನೂರೋ ದಂಡ. ಆಮೇಲೆ ಪಾತ್ರೇಲಿ ಪುಡಿ ಡಬಲ್ ಹಾಕಿ ಮುಕ್ಕಾಲು ಗಂಟೆ ಕುದಿಸಿದೆ. ಬಣ್ಣ ಭರ್ಜರಿ ಬಂತು, ಬಾಯಿಗಿಟ್ಟರೆ ಬರೀ ಕಹಿ, ಒಗರು, ಎಷ್ಟು ಸಕ್ಕರೆ ಹಾಕಿದ್ರೂ ಹೋಗಲಿಲ್ಲ, ಆವತ್ತು ಒಂದು ಫ್ಯಾಕ್ಟರಿಯಿಂದ ಫ್ಲಾಸ್ಕ್ ತುಂಬಿದ್ದು ತುಂಬಿದ ಹಾಗೇ ವಾಪಸ್ ಬಂತು.

ಕೊನೆಗೆ ಕೈಹಿಡಿದಿದ್ದು ಕುದಿಸದೇ ಇರೋದು. 9 ಲೀಟರ್ ನೀರು ಚೆನ್ನಾಗಿ ಕುದಿ ಬಂದ ಮೇಲೆ ಉರಿ ಆರಿಸಿ, ಒಂದು ಕೆಜಿ ಪುಡಿ ಹಾಕಿ ಒಂದೇ ಸಲ ತಿರುವಿ ಮುಚ್ಚಳ ಮುಚ್ಚೋದು. ಹತ್ತು ನಿಮಿಷ, ಅಷ್ಟೇ. ಬಟ್ಟೇಲಿ ಸೋಸಬೇಕು, ಹಿಂಡಬಾರದು, ಹಿಂಡಿದ್ರೆ ಕಹಿ ಬರತ್ತೆ. ಪುಡೀನೇ 3 ಲೀಟರ್ ಹತ್ತಿರ ನೀರು ಕುಡಿದುಬಿಡತ್ತೆ, ಕೈಗೆ ಸಿಗೋದು ಆರು, ಆರೂವರೆ. ಆ ಗಸಿಗೆ ಮತ್ತೆ 3 ಲೀಟರ್ ಕುದಿಯೋ ನೀರು ಹಾಕಿ ಇಳಿಸಿದ ತೆಳು ನೀರನ್ನ ನಾನು ಟೀಗೆ ಹಾಕಲ್ಲ, ಮುಂದಿನ ಬ್ಯಾಚಿನ 9 ಲೀಟರಲ್ಲಿ ಅಷ್ಟು ನೀರಿನ ಬದಲು ಅದನ್ನೇ ಸೇರಿಸಿ ಕುದಿಸ್ತೀನಿ. ಇದೊಂದರಲ್ಲೇ ಪುಡಿ ಎಷ್ಟು ಉಳೀತು ಅಂದ್ರೆ, ಮೊದಲು 700 ಕಪ್ಪಿಗೆ ಎರಡೂ ಮುಕ್ಕಾಲು ಕೆಜಿ ಹೋಗ್ತಿದ್ದಿದ್ದು ಈಗ ಎರಡು ಕೆಜಿ ಸಾಕು. ಕಪ್ಪಿಗೆ 18 ಎಂಎಲ್ ಆಸುಪಾಸು ಡಿಕಾಕ್ಷನ್, ಉಳಿದಿದ್ದು ಹಾಲು. ಹಾಲಿಗೆ ನೀರೆಷ್ಟು ಅನ್ನೋದು ಅವರವರ ಗಿರಾಕಿ ನೋಡ್ಕೊಂಡು.

ನೀರಿನ ವಿಷಯ ಮಾತ್ರ ತಮಾಷೆ ಅಲ್ಲ. ನಮ್ಮ ಬೋರ್‌ವೆಲ್ ನೀರು ಗಡಸು, ಅದರಲ್ಲಿ ಮಾಡಿದ್ರೆ ಮೇಲೆ ಎಣ್ಣೆ ಥರ ಪೊರೆ ಕಟ್ಟತ್ತೆ, ಬಣ್ಣಾನೂ ಮಂಕು. ಎರಡು ವಾರ ಪುಡೀನೇ ಬೈಕೊಂಡು ಮೂರು ಕಡೆ ಪುಡಿ ಬದಲಾಯಿಸಿದೆ, ತಪ್ಪು ನೀರಿಂದು. ಈಗ 20 ಲೀಟರ್ ಕ್ಯಾನ್ ನೀರು ಬಿಟ್ರೆ ಬೇರೆ ಹಾಕಲ್ಲ.

ಹಾಗೆ ಪುಡಿ ಬದಲಾಯಿಸುವಾಗ ಒಂದು ಕಡೆ ಅಗ್ಗಕ್ಕೆ ಸಿಗ್ತು ಅಂತ ಐದು ಕೆಜಿ ಲೂಸ್ ಪುಡಿ ತಂದಿದ್ದೆ, ತಣ್ಣೀರಿಗೆ ಹಾಕಿದ ತಕ್ಷಣ ಕೆಂಪು ಬಿಡ್ತು. ಒದ್ದೆ ಟಿಶ್ಯೂ ಪೇಪರ್ ಮೇಲೆ ಉದುರಿಸಿ ನೋಡಿದ್ರೆ ಚುಕ್ಕಿ ಚುಕ್ಕಿ ಬಣ್ಣ. ಅಷ್ಟನ್ನೂ ಎಸೆದೆ, ಜನಕ್ಕೆ ಕುಡಿಸಕ್ಕೆ ಮನಸ್ಸು ಬರಲಿಲ್ಲ. ಈಗ ನೀಲಗಿರಿಯ ಕೂನೂರು ಕಡೆ ಡಸ್ಟಿಗೆ ಅಸ್ಸಾಂ ಸಿಟಿಸಿ, ಅಂದ್ರೆ ಸಣ್ಣ ಕಾಳಿನ ಥರ ಇರೋ ಟೀ ಪುಡಿ ಸೇರಿಸ್ತೀನಿ. ಎಷ್ಟಕ್ಕೆ ಎಷ್ಟು ಅಂತ ಕೇಳಬೇಡಿ, ಅದು ನನ್ನ ಹತ್ರಾನೇ ಇರಲಿ.

ಇನ್ನೊಂದು ಪಾಠ ಫ್ರಿಜ್ಜಿಂದು. ಸಂಜೆ ಮಿಕ್ಕ 3 ಲೀಟರ್ ಒಳಗಿಟ್ಟಿದ್ದೆ, ಬೆಳಿಗ್ಗೆ ನೋಡಿದ್ರೆ ಕೆಸರು ನೀರಿನ ಥರ, ಕೆಟ್ಟೋಯ್ತು ಅಂತ ಚೆಲ್ಲಿಬಿಟ್ಟೆ. ಹೀಗೆ ನಾಲ್ಕು ದಿನ. ಆಮೇಲೆ ಗೊತ್ತಾಯ್ತು ಅದು ಕೆಟ್ಟಿಲ್ಲ, ಗಟ್ಟಿ ಡಿಕಾಕ್ಷನ್ ತಣ್ಣಗಾದ್ರೆ ಕಲಕಿದ ಹಾಗಾಗೋದು ಸಹಜ, ಸಣ್ಣ ಉರೀಲಿ ಬಿಸಿ ಮಾಡಿದ್ರೆ ಮತ್ತೆ ತಿಳಿಯಾಗತ್ತೆ. ಆದ್ರೆ ಸೋಸಿದ ತಕ್ಷಣ ಪಾತ್ರೆ ತಣ್ಣೀರಲ್ಲಿ ಇಳಿಸಿ ಆರಿಸಿ ಆಮೇಲೆ ಫ್ರಿಜ್ಜಿಗಿಡಿ, ಮಾರನೇ ದಿನವೇ ಖಾಲಿ ಮಾಡಿ. ಹೊರಗೆ ಸ್ಟೀಲ್ ಫ್ಲಾಸ್ಕಲ್ಲಿ ನಾಲ್ಕು ಗಂಟೆ ಚೆನ್ನಾಗಿರತ್ತೆ, ಆಮೇಲೆ ಸಪ್ಪೆ. ಸಕ್ಕರೆ ಡಿಕಾಕ್ಷನ್‌ಗೇ ಹಾಕಿಡೋದೂ ನೋಡಿದೆ, ಬೇಡ, ಸಕ್ಕರೆ ಕಮ್ಮಿ ಕೇಳೋರಿಗೆ ಕೊಡಕ್ಕಾಗಲ್ಲ.

ಶುಂಠಿ ಟೀ ಕೇಳೋರಿಗೆ ಹಸಿ ಶುಂಠಿ ಜಜ್ಜಿ ಹಾಲಿಗೆ ಹಾಕಿ ಎರಡು ಸಲ ಆರಾರು ಲೀಟರ್ ಹಾಲು ಒಡೆಸಿದೀನಿ. ಈಗ ಶುಂಠಿ ನೀರಲ್ಲಿ ಚೆನ್ನಾಗಿ ಕುದ್ದ ಮೇಲೇ ಪುಡಿ ಬೀಳೋದು, ಆಮೇಲೆ ಒಂದು ಸಲಾನೂ ಒಡೆದಿಲ್ಲ. ಬಣ್ಣಕ್ಕೆ ಅಂತ ಅಡುಗೆ ಸೋಡಾ ಚಿಟಿಕೆ ಹಾಕಿ ನೋಡಿದ್ದೂ ಆಯ್ತು, ಕಪ್ಪಾಗತ್ತೆ ಹೌದು, ಆದ್ರೆ ಸೋಪಿನ ರುಚಿ. ಬೇಸಿಗೇಲಿ ಮಂಗಳೂರು ಕಡೆ ಹುಡುಗರು ಕೇಳಿದ್ರು ಅಂತ ಇದೇ ಡಿಕಾಕ್ಷನ್‌ಗೆ ಬಿಸಿನೀರು, ನಿಂಬೆ, ಏಲಕ್ಕಿ ಹಾಕಿ ಸುಲೈಮಾನಿ ಕೊಟ್ಟೆ. ನಿಂಬೆ ಬಿದ್ದ ತಕ್ಷಣ ಬಣ್ಣ ತಿಳಿಯಾಗತ್ತೆ, ಹಾಗಾಗಿ ಡಿಕಾಕ್ಷನ್ ಸ್ವಲ್ಪ ಜಾಸ್ತಿ ಹಾಕಬೇಕು. ದಿನಕ್ಕೆ ನಲವತ್ತು ಕಪ್ ಅದೇ ಹೋಗತ್ತೆ.

ಲೆಕ್ಕ ಹೇಳ್ತೀನಿ, ನೆನಪಿಂದ. ಪುಡೀಲಿ ದಿನಕ್ಕೆ 250 ರೂಪಾಯಿ, ಚೆಲ್ಲೋದು ನಿಂತಿದ್ದಕ್ಕೆ ಇನ್ನೊಂದು ನೂರು ನೂರಿಪ್ಪತ್ತು. ದೊಡ್ಡ ಸಿಲಿಂಡರ್ ಆರು ದಿನ ಬರ್ತಿದ್ದಿದ್ದು ಎಂಟು ದಿನ ಬರತ್ತೆ. ತಿಂಗಳಿಗೆ ಒಂಬತ್ತು ಹತ್ತು ಸಾವಿರ ಕೈಲಿ ನಿಲ್ಲತ್ತೆ. 10 ಗಂಟೆ ರಶ್‌ಗೆ ಇಬ್ಬರು ಬೇಕಿದ್ದ ಕಡೆ ನಾನೊಬ್ಬನೇ ಇಪ್ಪತ್ತು ನಿಮಿಷದಲ್ಲಿ ಹದಿನಾಲ್ಕು ಫ್ಲಾಸ್ಕ್ ತುಂಬಿಸ್ತೀನಿ. ಹೋದ ಯುಗಾದಿಯಿಂದ ಭಾವ ಬೆಳಿಗ್ಗೆ ರಶ್‌ಗೆ ನನ್ನ ಹತ್ರಾನೇ ಎರಡು ಲೀಟರ್ ಡಿಕಾಕ್ಷನ್ ತರಿಸ್ಕೋತಿದಾರೆ, ಮಧ್ಯಾಹ್ನದ್ದು ಮಾತ್ರ ಇನ್ನೂ ಹಾಲಲ್ಲೇ ಕುದಿಸ್ತಾರೆ.